ಗುಜರಿಯ ಪವರ್ ಹಾಕ್ಸಾ ಬ್ಲೇಡಿನಲ್ಲಿ ಚಾಕು: ಯಾವುದನ್ನು ಆರಿಸಬೇಕು?

ಕುಲುಮೆಗೆ ಹೊಸಬ:
ಅಡುಗೆಮನೆಗೊಂದು, ಕಸಿ ಕಟ್ಟಲು ಒಂದು ಚಾಕು ಮಾಡಬೇಕು. ಗುಜರಿಯಲ್ಲಿ ಎರಡು ಬಗೆಯ ಪವರ್ ಹಾಕ್ಸಾ ಬ್ಲೇಡ್ (ಲೋಹ ಕೊಯ್ಯುವ ಯಂತ್ರದ ಗರಗಸದ ಅಲಗು) ಸಿಕ್ಕಿವೆ, 32 ಮಿ.ಮೀ. ಅಗಲ, 1.6 ದಪ್ಪ. ಮೇಲಿನ ಬರಹ ಅಳಿಸಿದೆ. ಪೂರ್ತಿ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್, ಲೋಹ ಕತ್ತರಿಸುವ ಉಪಕರಣಗಳ ಗಡಸು ಉಕ್ಕು) ಹೌದೋ ಅಲ್ಲವೋ ಗೊತ್ತಾಗುವುದು ಹೇಗೆ? ಅಥವಾ ಹೊಸ ಎಂ2 (ಅದೇ ಉಕ್ಕಿನ ಒಂದು ಬಗೆ) ಪಟ್ಟಿಯನ್ನೇ ಕೊಳ್ಳಲೇ? ಗ್ರೈಂಡರ್, ಇದ್ದಿಲ ಕುಲುಮೆ ಇವೆ.

ಸಾಣೆಕಲ್ಲು:
ಮೊದಲು ಕಿಡಿ ನೋಡಿ. ಹಲ್ಲಿನ ಕಡೆಗೊಮ್ಮೆ, ಬೆನ್ನಿಗೊಮ್ಮೆ ಗ್ರೈಂಡರ್‌ಗೆ ಮುಟ್ಟಿಸಿ. ಎರಡೂ ಕಡೆ ಮಂಕು ಕೆಂಪಿನ ವಿರಳ ಕಿಡಿ ಬಂದರೆ ಪೂರ್ತಿ ಎಚ್‌ಎಸ್‌ಎಸ್. ಬೆನ್ನಿನಿಂದ ಹಳದಿ ಕಿಡಿ ಕವಲೊಡೆದು ಸಿಡಿದರೆ ಅದು ಬೈಮೆಟಲ್: ಹಲ್ಲಿನ ಸಾಲು ಮಾತ್ರ ಎಚ್‌ಎಸ್‌ಎಸ್, ಮಿಕ್ಕಿದ್ದು ಮೆತ್ತನೆಯ ಸ್ಪ್ರಿಂಗ್ ಉಕ್ಕು. ಹಲ್ಲು ತೆಗೆದ ಕೂಡಲೇ ಒಳ್ಳೆಯ ಉಕ್ಕು ಹೋಯಿತು, ಚಾಕುವಿಗೆ ಬೇಡ. ಅನುಮಾನ ಉಳಿದರೆ ಒಂದು ತುದಿಯನ್ನು ಉಜ್ಜಿ ಹೊಳಪು ಮಾಡಿ, ಪಿಸಿಬಿಗೆ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ) ಬಳಸುವ ಫೆರಿಕ್ ಕ್ಲೋರೈಡ್ ಹಚ್ಚಿ. ಬೈಮೆಟಲ್ ಆದರೆ ಎರಡು ಬಣ್ಣದ ಗೆರೆ ಎದ್ದು ಕಾಣುತ್ತದೆ. ಆಯಸ್ಕಾಂತದಿಂದ ಏನೂ ತಿಳಿಯದು, ಎರಡೂ ಅಂಟುತ್ತವೆ.

ಹದಗಾರ:
ಹೊಸ ಎಂ2 ಕೊಳ್ಳಬೇಡಿ. ಪಟ್ಟಿ ಮೆತ್ತಗೆ ಬರುತ್ತದೆ. ಪೂರ್ತಿ ಗಡಸಾಗಲು 1200 ಡಿಗ್ರಿ ಆಸುಪಾಸು ಕಾಯಬೇಕು, ಆಮೇಲೆ 550ರ ಸುತ್ತ ಎರಡು ಮೂರು ಸಲ ಟೆಂಪರ್ (ಬಿರುಸು ತಗ್ಗಲು ಮತ್ತೆ ಕಾಯಿಸುವುದು) ಆಗಬೇಕು. ಇದ್ದಿಲ ಕುಲುಮೆಯಲ್ಲಿ ಆ ಶಾಖ ಹಿಡಿತಕ್ಕೆ ಸಿಗದು. ಮೇಲ್ಮೈಯ ಇಂಗಾಲ ಸುಟ್ಟುಹೋಗುತ್ತದೆ. ವ್ಯಾಕ್ಯೂಮ್ ಹೀಟ್ ಟ್ರೀಟ್‌ಮೆಂಟ್‌ಗೆ (ಗಾಳಿಯಿಲ್ಲದ ಫರ್ನೇಸಿನಲ್ಲಿ ಹದ ಮಾಡುವುದು) ಕೊಡುವುದಾದರೆ ಮಾತ್ರ ಕೊಳ್ಳಿ, ಆಗಲೂ ಚಾಕುವಿಗೆ 1150ರ ಹತ್ತಿರ ಸಾಕೆಂದು ಹೇಳಿ. ಗಡಸುತನ ತುಸು ಇಳಿದರೂ ಅಲಗು ಬೇಗ ಚೆಕ್ಕೆ ಏಳದು.

ಹಾಕ್ಸಾ ಬ್ಲೇಡ್ ಆಗಲೇ ಗಡಸಾಗಿ ಬಂದಿರುತ್ತದೆ. ಕುಲುಮೆಗೆ ಹಾಕಲೇಬೇಡಿ, ಗ್ರೈಂಡರ್‌ನಲ್ಲೇ ರೂಪ ಕೊಡಿ. ಉಜ್ಜುವಾಗ ನೀಲಿ ಬಣ್ಣ ಬಂದರೆ ಹದ ಕೆಟ್ಟಿತೆಂದು ಹೆದರಬೇಡಿ. ನೀಲಿ ಬರುವುದು 300 ಡಿಗ್ರಿ ಹತ್ತಿರ, ಈ ಉಕ್ಕಿನ ಟೆಂಪರ್ ಶಾಖ ಅದಕ್ಕಿಂತ ಬಹಳ ಮೇಲಿದೆ. ಕೆಡುವುದು ಬೇರೆ ಕಡೆ: ಸುಡುಸುಡು ಬ್ಲೇಡನ್ನು ಥಟ್ಟನೆ ನೀರಿಗೆ ಅದ್ದಿದರೆ ಕೂದಲೆಳೆಯ ಬಿರುಕು ಬೀಳುತ್ತದೆ, ಚಾಕು ಮುರಿದ ಮೇಲೇ ಅದು ಕಾಣುವುದು. ಹಗುರಾಗಿ ಒತ್ತಿ, ಕೈಗೆ ಬಿಸಿ ತಾಗುವ ಮುನ್ನವೇ ತಣಿಸುತ್ತಾ ಹೋಗಿ. ಮಾಸ್ಕ್ ಹಾಕಿಕೊಳ್ಳಿ.

ಕುಲುಮೆಗೆ ಹೊಸಬ:
ಹಿಡಿಯ ರಿವೆಟ್‌ಗೆ ತೂತು ಬೇಕು. ಆ ಜಾಗವನ್ನಷ್ಟೇ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಬಹುದೇ?

ಸಾಣೆಕಲ್ಲು:
ಆಗದು. ಎಚ್‌ಎಸ್‌ಎಸ್ ಗಾಳಿಯಲ್ಲಿ ಆರಿದರೂ ಗಡಸಾಗುತ್ತದೆ. ಮೆತ್ತಗಾಗಲು ಫರ್ನೇಸಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ತಣಿಯಬೇಕು. 4 ಮಿ.ಮೀ. ಸಾಲಿಡ್ ಕಾರ್ಬೈಡ್ ಡ್ರಿಲ್ ತನ್ನಿ, ಬ್ಲೇಡಿನ ಕೆಳಗೆ ಮರ ಕೊಟ್ಟು ಅಲುಗದಂತೆ ಕ್ಲ್ಯಾಂಪ್ ಮಾಡಿ. ಅಲುಗಿದರೆ ಡ್ರಿಲ್ಲೇ ಪುಡಿಯಾಗುತ್ತದೆ. ಬ್ಲೇಡಿನ ತುದಿಯಲ್ಲಿ ಮೊದಲೇ ಇರುವ ಪಿನ್ ತೂತನ್ನು ಹಿಡಿಯೊಳಗೆ ಬರುವಂತೆ ಗುರುತು ಹಾಕಿಕೊಂಡರೆ ಒಂದು ತೂತಿನ ಕೆಲಸ ಉಳಿಯುತ್ತದೆ. ಇಲ್ಲವೇ ಹಿಡಿಯೊಳಗೆ ಹೋಗುವ ಬಾಲದ ಅಂಚಿಗೆ ದುಂಡನೆಯ ಕಚ್ಚು ಹಾಕಿ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ಬಾಲ ಅಲಗನ್ನು ಸೇರುವಲ್ಲಿ ಚೂಪು ಮೂಲೆ ಬಿಡಬೇಡಿ, ಮುರಿಯುವುದು ಅಲ್ಲೇ.

ಹದಗಾರ:
ಒಂದು ಮಾತು ಸೇರಿಸುತ್ತೇನೆ. ಇದರಲ್ಲಿ ಕ್ರೋಮಿಯಂ 4 ಶೇಕಡಾ ಮಾತ್ರ, ತುಕ್ಕು ಹಿಡಿಯುತ್ತದೆ. ಹುಣಸೆ, ನಿಂಬೆ ತಾಗಿದ ಕೂಡಲೇ ತೊಳೆದು ಒರೆಸಿ. ಮಸೆಯಲು ಡೈಮಂಡ್ ಪ್ಲೇಟ್ ಬಳಸಿ, ಮಾಮೂಲಿ ಕಲ್ಲಿನಲ್ಲಿ ಗಂಟೆ ಕಳೆಯುತ್ತದೆ. ತರಕಾರಿ ಚಾಕುವಿಗೆ ಒಂದೊಂದು ಬದಿಗೆ 15ರಿಂದ 18 ಡಿಗ್ರಿ ಸರಿ. ಇದರಲ್ಲಿ ತೆಂಗಿನಕಾಯಿ ಒಡೆಯುವ ಕತ್ತಿ ಮಾಡಬೇಡಿ. ಅದಕ್ಕೆ ಲಾರಿಯ ಪ್ಲೇಟಿನ ಸ್ಪ್ರಿಂಗ್ ಉಕ್ಕೇ ಸೈ.