ತವರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ: ಡಿಸೆಂಬರ್‌ನ ಅಮೆರಿಕ ವೀಸಾ ಸ್ಟಾಂಪಿಂಗ್ ಮಾರ್ಚ್‌ಗೆ ಹೋಯಿತು, ಈಗೇನು ಮಾಡಲಿ?

ತುಂಗೆಯ_ದಡ:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಡಲ್ಲಾಸ್ ಹತ್ತಿರ ಇರುವವಳು. ಕಂಪನಿ ಮೂಲಕ ಸಿಗುವ ಕೆಲಸದ ವೀಸಾ, ಎಚ್-1ಬಿ. ಹೋಗಿ ಹನ್ನೊಂದು ವರ್ಷ ಆಯಿತು. ಗಂಡ ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ), ಕೆಲಸದ ಪರ್ಮಿಟ್ ಇದೆ. ಮಗಳಿಗೆ ಆರು, ಅಲ್ಲೇ ಹುಟ್ಟಿದವಳು. ಅಪ್ಪನಿಗೆ ಎಪ್ಪತ್ತು ತುಂಬಿತು, ಮನೆಯಲ್ಲಿ ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ಮಗಳಿಗೆ ಸ್ಕೂಲ್ ಇದ್ದದ್ದರಿಂದ ನಾನೊಬ್ಬಳೇ ಡಿಸೆಂಬರ್ 6ಕ್ಕೆ ಬಂದೆ. ತೀರ್ಥಹಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ.

ಪಾಸ್‌ಪೋರ್ಟ್‌ನಲ್ಲಿದ್ದ ವೀಸಾ ಮುಗಿದಿತ್ತು. ಹೊಸದನ್ನು ಹಾಕಿಸಲು, ಅಂದರೆ ಸ್ಟಾಂಪಿಂಗ್‌ಗೆ, 17ಕ್ಕೆ ಅಮೆರಿಕ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ ಸಿಕ್ಕಿತ್ತು. ಶಾಂತಿ, ಸ್ಟಾಂಪಿಂಗ್, ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮಗಳಿಗೆ ಎರಡು ಡಜನ್ ಬಳೆ, 28ಕ್ಕೆ ವಿಮಾನ. ಹಾಗಿತ್ತು ಲೆಕ್ಕ.

9ರ ಬೆಳಿಗ್ಗೆ ಮೇಲ್ ಬಂತು. ಅಪಾಯಿಂಟ್‌ಮೆಂಟ್ ಬದಲಾಗಿದೆ, ಮಾರ್ಚ್ 24. ಹಳೆಯ ತಾರೀಕಿಗೆ ಬಂದರೆ ಒಳಗೆ ಬಿಡುವುದಿಲ್ಲ. ನಾನು ಅದನ್ನು ಮೂರು ಸಲ ಓದಿದೆ. ಅಮ್ಮ ಕಡುಬು ಬಡಿಸುತ್ತಾ "ಏನಂತೆ?" ಅಂದರು. "ಯುಗಾದಿಗೆ ಇರ್ತೀನಂತೆ" ಅಂದೆ. ಪಾಪ, ಅವರಿಗೆ ಖುಷಿಯಾಗಿಬಿಟ್ಟಿತು.

ಕಾರಣ ಎಲ್ಲರಿಗೂ ಗೊತ್ತಿರುವುದೇ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಎಲ್ಲರ ಸೋಷಿಯಲ್ ಮೀಡಿಯಾ ನೋಡುತ್ತಾರೆ. ದಿನಕ್ಕೆ ನೋಡಲಾಗುವ ಜನ ಕಮ್ಮಿ, ಅದಕ್ಕೇ ಮುಂದೂಡಿದ್ದು. ನನ್ನ ಇನ್‌ಸ್ಟಾಗ್ರಾಂನಲ್ಲಿ ಇರುವುದು ಪತ್ರೊಡೆ, ಮಗಳು, ಮತ್ತೆ ಪತ್ರೊಡೆ. ನೋಡಲಿ ಬಿಡಿ.

ಈಗ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಇಲ್ಲಿ ರಾತ್ರಿ ಎಂಟೂವರೆ ಅಂದರೆ ನಮ್ಮ ಆಫೀಸಿನವರಿಗೆ ಬೆಳಿಗ್ಗೆ ಒಂಬತ್ತು. ಅಡಿಕೆ ಸುಲಿಯುವ ಕಾಲ ಬೇರೆ. ಜಗಲಿಯಲ್ಲಿ ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ, ಪಕ್ಕದ ಕೋಣೆಯಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು. ಮ್ಯಾನೇಜರ್ ಒಂದು ದಿನ "ಅಲ್ಲಿ ಮಳೆಯಾ?" ಅಂತ ಕೇಳಿದ. ಅಲ್ಲ, ಅಡಿಕೆ ಅಂದೆ. ಸುಮ್ಮನಾದ. ನಮ್ಮದು ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್. ರೋಗಿಗಳ ಮಾಹಿತಿ ಇರುವ ಯಾವುದನ್ನೂ ಇಲ್ಲಿಂದ ತೆರೆಯುವ ಹಾಗಿಲ್ಲ. ಹಾಗಾಗಿ ನನ್ನ ಕೆಲಸದಲ್ಲಿ ಅರ್ಧ ಬೇರೆಯವರ ತಲೆ ಮೇಲೆ. ಅವರು ಎಷ್ಟು ದಿನ ಹೊರುತ್ತಾರೆ?

ಊರಿನವರದ್ದು ಇನ್ನೊಂದು ಕಥೆ. ಮೊದಲ ವಾರ "ಯಾವಾಗ ಬಂದೆ?" ಅಂದವರೆಲ್ಲ ಈಗ "ಯಾವಾಗ ಹೊರಡ್ತೀ?" ಅನ್ನುತ್ತಾರೆ. ಒಬ್ಬರು ಅತ್ತೆ ಅಮ್ಮನನ್ನು ಬಚ್ಚಲುಮನೆ ಹತ್ತಿರ ಕರೆದು "ಗಂಡ ಹೆಂಡತಿ ಚೆನ್ನಾಗಿದ್ದಾರೆ ತಾನೇ?" ಅಂತ ಪಿಸುಗುಟ್ಟಿದರಂತೆ. ಕಾನ್ಸುಲೇಟ್, ವೆಟ್ಟಿಂಗ್ (ಹಿನ್ನೆಲೆ ಪರಿಶೀಲನೆ) ಅಂತ ಏನು ಹೇಳಿದರೂ ಅವರಿಗೆ ಅದು ನೆಪದ ಹಾಗೇ ಕೇಳುತ್ತದೆ.

ವಿಷಯಕ್ಕೆ ಬರುತ್ತೇನೆ. ಫೆಬ್ರುವರಿ 28ರ ತನಕ ಮಾತ್ರ ಇಲ್ಲಿಂದ ಕೆಲಸ ಮಾಡಲು ಕಂಪನಿ ಒಪ್ಪಿದೆ. ಆಮೇಲೆ ಸಂಬಳವಿಲ್ಲದ ರಜೆ. ಅದರಿಂದ ನನ್ನ ಎಚ್-1ಬಿಗೆ ಏನಾದರೂ ಆಗುತ್ತದಾ? ಗಂಡ ಮಗಳನ್ನು ಕರೆದುಕೊಂಡು ಇಲ್ಲಿಗೇ ಬರುತ್ತೇನೆ ಅನ್ನುತ್ತಿದ್ದಾರೆ, ಬರಲಾ ಬೇಡವಾ? ಇಲ್ಲಾ ಈ ಕೆಲಸ ಬಿಟ್ಟು ಬೆಂಗಳೂರಲ್ಲಿ ಏನಾದರೂ ನೋಡಿಕೊಂಡು, ಆಮೇಲೆ ಬೇರೆ ಕಂಪನಿ ಮೂಲಕ ಹೋಗಲಾ?

ಮೊನ್ನೆ ಮಗಳ ಮುಂದಿನ ಹಲ್ಲು ಬಿತ್ತು. ಫೋನಿಗೆ ಬಾಯಿ ಹಚ್ಚಿ ತೋರಿಸಿದಳು. ಅಷ್ಟರಲ್ಲಿ ಸಿಗ್ನಲ್ ನಿಂತಿತು. ಪರದೆ ತುಂಬ ಅವಳ ಬೊಚ್ಚು ಬಾಯಿ, ಅಲ್ಲಾಡದೆ, ಐದು ನಿಮಿಷ.

---

ಮಸಾಲೆಪುರಿ_91:

ಅಕ್ಕ, ವೀಸಾ ಇಲ್ಲದೆ ಹೊರಟಿದ್ದೇ ತಪ್ಪಲ್ವಾ? ಹೋಗಲಿ, ಬ್ಯಾಂಕಾಕ್‌ಗೆ ಹೋಗಿ ಮಾಡಿಸಿಕೊಳ್ಳಿ. ನಮ್ಮ ರೂಮ್‌ಮೇಟ್ 2023ರಲ್ಲಿ ಹಾಗೇ ಮಾಡಿದ್ದ, ಒಂದು ವಾರದಲ್ಲಿ ಕೈಗೆ ಬಂತು.

---

ಎಡಿಸನ್_ರಾಯ:

ಮಸಾಲೆಪುರಿ, 2023 ಬೇರೆ, ಈಗ ಬೇರೆ. ಸ್ವಂತ ದೇಶದಲ್ಲಿ, ಇಲ್ಲಾ ವಾಸ ಇರುವ ದೇಶದಲ್ಲಿ ಅರ್ಜಿ ಹಾಕಿ ಅಂತ 2025ರ ಸೆಪ್ಟೆಂಬರ್‌ನಲ್ಲೇ ಹೇಳಿಬಿಟ್ಟಿದ್ದಾರೆ. ಬ್ಯಾಂಕಾಕ್‌ಗೆ ಹೋದರೆ ಹೋಟೆಲ್ ಬಿಲ್ ಸಿಗುತ್ತದೆ, ಸ್ಟಾಂಪ್ ನಂಬಿಕೊಂಡು ಹೋಗಬೇಡಿ. ಇನ್ನು "ವೀಸಾ ಇಲ್ಲದೆ ಹೊರಟಿದ್ದು" ಅನ್ನುವ ಮಾತು. ಅವರು ಅಲ್ಲಿ ಕಾನೂನುಬದ್ಧವಾಗಿಯೇ ಇದ್ದರು. ಇರುವುದಕ್ಕೆ ಬೇಕಾದದ್ದು ಐ-94 (ಎಷ್ಟು ದಿನ ಇರಬಹುದು ಅಂತ ಹೇಳುವ ಪ್ರವೇಶ ದಾಖಲೆ), ಸ್ಟಾಂಪ್ ಬೇಕಾಗುವುದು ಒಳಗೆ ಬರಲಿಕ್ಕೆ. ಆ ಸ್ಟಾಂಪ್ ಹಾಕಿಸಲು ದೇಶದಿಂದ ಹೊರಗೇ ಬರಬೇಕು. 2004ರ ಜುಲೈ ತನಕ ಅಮೆರಿಕದ ಒಳಗೇ ನವೀಕರಣ ಆಗುತ್ತಿತ್ತು, ಬೆರಳಚ್ಚು ಕಡ್ಡಾಯ ಆದ ಮೇಲೆ ನಿಲ್ಲಿಸಿದರು. 2024ರ ಜನವರಿಯಲ್ಲಿ ಇಪ್ಪತ್ತು ಸಾವಿರ ಜನರಿಗೆ ಅಂತ ಪ್ರಯೋಗ ಮಾಡಿದರು. ಮುಂದುವರಿಯಲಿಲ್ಲ.

ಈಗ ನಿಮ್ಮ ವಿಷಯ, ತಂಗಿ. ನಾನೂ ಇದನ್ನು ಅನುಭವಿಸಿದವನು. 2020ರ ಜೂನ್ 22ಕ್ಕೆ ಎಚ್-1ಬಿ ಪ್ರವೇಶ ನಿಲ್ಲಿಸುವ ಆದೇಶ ಬಂದಾಗ ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೆ. ಡಿಸೆಂಬರ್ ತನಕ ಅಂದರು, ಆಮೇಲೆ 2021ರ ಮಾರ್ಚ್ 31ರ ತನಕ ಅಂದರು. ನ್ಯೂಜೆರ್ಸಿಯಲ್ಲಿ ಬಾಡಿಗೆ ಕಟ್ಟುತ್ತಾ ಮೈಸೂರಲ್ಲಿ ಕೂತಿದ್ದೆ. ಕಾರಿನ ಬ್ಯಾಟರಿ ಸತ್ತಿತ್ತು, ತುಳಸಿ ಗಿಡ ಸತ್ತಿತ್ತು. ಕೆಲಸ ಮಾತ್ರ ಉಳಿದಿತ್ತು. ಅದಕ್ಕೇ ಮೊದಲು ಹೇಳುವ ಮಾತು: ಕೆಲಸ ಬಿಡುವ ಯೋಚನೆ ಈಗ ಎತ್ತಲೇಬೇಡಿ.

ಯಾಕೆ ಅಂದರೆ ಎಚ್-1ಬಿ ಅರ್ಜಿಗೆ ಕಂಪನಿ ಕಟ್ಟಬೇಕಾದ ಆ ಲಕ್ಷ ಡಾಲರ್ ಶುಲ್ಕ. 2025ರ ಸೆಪ್ಟೆಂಬರ್ 21ರಿಂದ ಅದು ಬರುವುದು ಹೊಸ ಅರ್ಜಿಗಳಿಗೆ. ನಿಮ್ಮದು ಅದಕ್ಕೆ ಮೊದಲೇ ಮಂಜೂರಾಗಿದ್ದರೆ ನಿಮಗೆ ತಟ್ಟುವುದಿಲ್ಲ. ಆದರೆ ನೀವು ತೀರ್ಥಹಳ್ಳಿಯಲ್ಲಿ ಇರುವಾಗ, ಕೈಯಲ್ಲಿ ಚಾಲ್ತಿ ವೀಸಾ ಇಲ್ಲದಾಗ, ಬೇರೆ ಕಂಪನಿ ನಿಮಗೆ ಅರ್ಜಿ ಹಾಕಿದರೆ ಆ ಶುಲ್ಕ ಅವರ ಕೊರಳಿಗೆ ಬೀಳುತ್ತದೆ. ಯಾರು ಕಟ್ಟುತ್ತಾರೆ ಹೇಳಿ? ಅಮೆರಿಕದ ಒಳಗಿದ್ದು ಕಂಪನಿ ಬದಲಿಸುವುದು ಬೇರೆ, ಹೊರಗಿದ್ದು ಬದಲಿಸುವುದು ಬೇರೆ.

ಸಂಬಳವಿಲ್ಲದ ರಜೆಗೆ ಹೆದರಬೇಡಿ. ನೀವು ದೇಶದ ಹೊರಗೆ ಇರುವಾಗ ಸ್ಟೇಟಸ್ (ಅಲ್ಲಿ ಕಾನೂನುಬದ್ಧವಾಗಿ ಇರುವ ಹಕ್ಕು) ಕೆಡುವ ಪ್ರಶ್ನೆ ಬರುವುದಿಲ್ಲ. ವಾಪಸ್ ಬರುವ ದಿನ ಅದೇ ಕೆಲಸ ಇರಬೇಕು, ಅಷ್ಟೇ. "ರಜೆಯಲ್ಲಿದ್ದಾರೆ, ಹುದ್ದೆ ಇದೆ" ಅಂತ ಈಗಲೇ ಪತ್ರ ಬರೆಸಿಕೊಳ್ಳಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಹೊರಗೆ ಕಳೆದ ದಿನಗಳನ್ನು ಎಚ್-1ಬಿ ಅವಧಿಗೆ ವಾಪಸ್ ಸೇರಿಸಿಕೊಳ್ಳಲು ಬರುತ್ತದೆ.

ಯಜಮಾನರು ಬರುವುದು ಬೇಡವೇ ಬೇಡ. ಅವರ ಸ್ಟಾಂಪೂ ಮುಗಿದಿದೆ ಅಂದುಕೊಂಡಿದ್ದೇನೆ. ಬಂದರೆ ಇಬ್ಬರೂ ಈ ಕಡೆ, ಮನೆ ಆ ಕಡೆ. ಅವರ ಪರ್ಮಿಟ್ ಯಾವಾಗ ಮುಗಿಯುತ್ತದೆ ನೋಡಿ. 2025ರ ಅಕ್ಟೋಬರ್ 30ರಿಂದ ಅರ್ಜಿ ಹಾಕಿದ ಮಾತ್ರಕ್ಕೆ ತಾನಾಗಿ ಮುಂದುವರಿಯುವ ಸೌಲಭ್ಯ ಹೋಗಿದೆ. 180 ದಿನ ಮುಂಚೆಯೇ ಹಾಕಲು ಬಿಡುತ್ತಾರೆ, ಹಾಕಿಸಿ.

---

ಲೆಕ್ಕದ_ಪುಸ್ತಕ:

ಬೆಂಗಳೂರಿನ ಸಿಎ ನಾನು. ರಾಯರು ಹೇಳದ ಒಂದು ವಿಷಯ ಇದೆ ಮೇಡಂ. ಭಾರತದಲ್ಲಿ ಕೂತು ಮಾಡಿದ ಕೆಲಸದ ಸಂಬಳಕ್ಕೆ ಇಲ್ಲಿ ತೆರಿಗೆ ಪ್ರಶ್ನೆ ಬರುತ್ತದೆ, ಹಣ ಅಮೆರಿಕದ ಬ್ಯಾಂಕಿಗೆ ಬಿದ್ದರೂ ಸರಿ. ಎರಡು ದೇಶದ ಒಪ್ಪಂದದ 16ನೇ ವಿಧಿಯಲ್ಲಿ ವಿನಾಯಿತಿ ಇದೆ: ಆ ತೆರಿಗೆ ವರ್ಷದಲ್ಲಿ ನೀವು ಇಲ್ಲಿದ್ದದ್ದು 183 ದಿನ ದಾಟಬಾರದು, ಸಂಬಳ ಕೊಡುವವರು ಇಲ್ಲಿನವರಾಗಿರಬಾರದು, ಅವರ ಇಲ್ಲಿನ ಶಾಖೆ ಆ ಖರ್ಚು ಹೊರಬಾರದು. ನೀವು ಬಂದದ್ದು ಡಿಸೆಂಬರ್ 6. ಮಾರ್ಚ್ 31ಕ್ಕೆ 116 ದಿನ ಆಗುತ್ತದೆ, ಬೇರೆ ಸಲ ಬಂದಿಲ್ಲ ಅಂದರೆ. ಏಪ್ರಿಲ್ 1ರಿಂದ ಹೊಸ ಲೆಕ್ಕ. ನಿಮ್ಮ ಕಂಪನಿಗೆ ಬೆಂಗಳೂರಲ್ಲಿ ಆಫೀಸ್ ಇದ್ದರೆ "ಸದ್ಯಕ್ಕೆ ಅಲ್ಲಿನ ಪೇರೋಲ್‌ಗೆ ಹಾಕುತ್ತೇವೆ" ಅಂದಾರು. ಒಪ್ಪುವ ಮುಂಚೆ ವಕೀಲರನ್ನೂ ನಮ್ಮಂಥವರನ್ನೂ ಕೇಳಿ.

---

ಮಸಾಲೆಪುರಿ_91:

ಸಾರಿ ಅಕ್ಕ, ಗೊತ್ತಿಲ್ಲದೆ ಅಂದೆ. ಬೆಂಗಳೂರಲ್ಲೇ ಈಗ ಕಾನ್ಸುಲೇಟ್ ಇದೆಯಲ್ಲ, ಅಲ್ಲಿ ವಿಚಾರಿಸಿದರೆ ಆಗಲ್ವಾ?

---

ಕಪ್ಪು_ಕಾಫಿ:

ಆಗಲ್ಲ. 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ವೀಸಾ ಕೆಲಸ ಶುರುವಾಗಿಲ್ಲ. ನಾವು ಬೆಂಗಳೂರಿನವರು ಈಗಲೂ ರಾತ್ರಿ ಬಸ್ಸು ಹತ್ತಿ ಚೆನ್ನೈ, ಹೈದರಾಬಾದೇ.

ನಾನೂ ಇದೇ ದೋಣಿಯಲ್ಲಿದ್ದೆ ಅಕ್ಕ, ಮೊನ್ನೆ ಇಳಿದೆ. ಮೂರು ವಿಷಯ ಹೇಳುತ್ತೇನೆ. ಮಾರ್ಚ್ 24ರ ಸ್ಲಾಟ್ ಏನಾದರೂ ಆಗಲಿ ಕೈಬಿಡಬೇಡಿ. ಬೇಗ ತಾರೀಕು ಕೊಡಿ ಅಂತ ತುರ್ತು ಕೋರಿಕೆ ಹಾಕುವುದಕ್ಕೂ ಮೊದಲು ಒಂದು ಸ್ಲಾಟ್ ಇರಬೇಕು. ನೀವಾಗಿ ಬದಲಿಸಿಕೊಳ್ಳುವ ಅವಕಾಶ ಪುಕ್ಕಟೆ ಇರುವುದು ಒಂದೇ ಸಲ, ಎರಡನೇ ಸಲಕ್ಕೆ 205 ಡಾಲರ್ ಮತ್ತೆ ಕಟ್ಟಬೇಕು. "ಬೇಗ ಸ್ಲಾಟ್ ಕೊಡಿಸ್ತೀವಿ" ಅನ್ನುವ ಟೆಲಿಗ್ರಾಂ ಏಜೆಂಟರಿಗೆ ಲಾಗಿನ್ ಕೊಡಬೇಡಿ. ನನ್ನ ಗೆಳೆಯನ ಅಕೌಂಟ್ ಹಾಗೇ ಲಾಕ್ ಆಯಿತು.

ಮತ್ತೆ ವೀಸಾ ಅರ್ಜಿಯ ಡಿಎಸ್-160 ಫಾರಂನಲ್ಲಿ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಹೆಸರುಗಳನ್ನು ಕೇಳುತ್ತಾರೆ. ಮರೆತುಹೋದ ಹಳೆ ಟ್ವಿಟರ್ ಅಕೌಂಟ್ ಇದ್ದರೂ ಬರೆಯಿರಿ. ಎಲ್ಲವನ್ನೂ ಪಬ್ಲಿಕ್ ಮಾಡಿ. ಅಳಿಸಲು ಹೋಗಬೇಡಿ. ಪತ್ರೊಡೆ ಪರವಾಗಿಲ್ಲ.

---

ತುಂಗೆಯ_ದಡ:

ರಾಯರೇ, ನಿಮ್ಮ ಉತ್ತರ ಓದಿದ ತಕ್ಷಣ ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ಟಿಕೆಟ್ ನೋಡುತ್ತಾ ಕೂತಿದ್ದರು! ಹೌದು, ಅವರ ಸ್ಟಾಂಪೂ ಮುಗಿದಿದೆ. ಪರ್ಮಿಟ್ ಜೂನ್‌ಗೆ ಮುಗಿಯುತ್ತದೆ. ಅದು ತಾನಾಗಿ ಮುಂದುವರಿಯುತ್ತದೆ ಅಂತಲೇ ನಾವಿಬ್ಬರೂ ನಂಬಿಕೊಂಡಿದ್ದೆವು. ಈ ವಾರವೇ ಅರ್ಜಿ ಹೋಗುತ್ತದೆ. ನನ್ನ ಐ-797 (ಎಚ್-1ಬಿ ಮಂಜೂರಾದ ಪತ್ರ) ತೆಗೆದು ನೋಡಿದೆ, 2024ರದ್ದು.

ಸಿಎ ಸರ್, ನೀವು ಹೇಳಿದ ಹಾಗೇ ಆಯಿತು. ಮಾರ್ಚ್‌ಗೆ ಬೆಂಗಳೂರು ಪೇರೋಲ್ ಮಾಡೋಣ ಅಂತ ಎಚ್‌ಆರ್ ನಿನ್ನೆ ಮೇಲ್ ಹಾಕಿದ್ದಾರೆ. ವಕೀಲರನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಮಸಾಲೆಪುರಿ, ಬೇಜಾರಿಲ್ಲ ಮಾರಾಯ. ನಮ್ಮ ಅತ್ತೆ ಕೇಳಿದ್ದಕ್ಕಿಂತ ನಿನ್ನದು ಎಷ್ಟೋ ವಾಸಿ.

ಮಗಳ ಹಲ್ಲನ್ನು ಅವರಪ್ಪ ಡಬ್ಬಿಯಲ್ಲಿ ಎತ್ತಿಟ್ಟಿದ್ದಾರಂತೆ. ನಮ್ಮ ಕಡೆ ಅದನ್ನು ಹೆಂಚಿನ ಮೇಲೆ ಎಸೆಯಬೇಕು ಅಂದೆ. ನಮ್ಮದು ಮೂರನೇ ಮಹಡಿ, ಹೆಂಚು ಎಲ್ಲಿಂದ ತರಲಿ ಅಂದರು. ಹಾಗಾದರೆ ನಾನು ಬರುವ ತನಕ ಇರಲಿ. ತುರ್ತು ಕೋರಿಕೆ ಈಗ ಹಾಕುತ್ತಿದ್ದೆ, ಕರೆಂಟ್ ಹೋಯಿತು. ಇದನ್ನು ಫೋನಲ್ಲಿ ಬರೆಯುತ್ತಿದ್ದೇನೆ. ಬಂದ ಮೇಲೆ ಹಾಕಿ ತಿಳಿಸುತ್ತೇನೆ.