ಗಣಿತ ಶಿಕ್ಷಕರಿಲ್ಲದ ಶಾಲೆಗೆ ಎಷ್ಟನೆಯ ಸ್ಥಾನವಾದರೇನು?

ಬಾವಿಕಟ್ಟೆ ಎದುರು ಮನೆ (ಬೆಳಿಗ್ಗೆ 5:40): ರಾತ್ರಿಯಿಡೀ ಮಗಳು ಕಣ್ಣು ಮುಚ್ಚಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೆನ್ನಿಗೇ ತಾಲ್ಲೂಕಿನ ಶಾಲೆಗಳ ಸ್ಥಾನಪಟ್ಟಿಯನ್ನು ಈ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಕೊನೆಯ ಸಾಲಿಗೆ ಕೆಂಪು ಗೆರೆ ಎಳೆದಿರಲ್ಲ, ಅದು ನಮ್ಮ ಮಕ್ಕಳ ಶಾಲೆ. ಐದು ವಿಷಯ ಪಾಸಾಗಿ ಗಣಿತದಲ್ಲಿ ಉಳಿದಿದ್ದಾಳೆ. ನೋಟ್‌ಬುಕ್ ತೆರೆದು ನೋಡಿದೆ. ‘ತ್ರಿಕೋನಮಿತಿ’ ಎಂದು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಅಲ್ಲಿಂದಾಚೆ ಹಾಳೆಗಳೆಲ್ಲ ಖಾಲಿ. ಪಾಠ ಮಾಡುವವರೇ ಇರಲಿಲ್ಲ! ಉಳಿದವರು ಮತ್ತೆ ಬರೆಯುವ ಪರೀಕ್ಷೆ-2ಕ್ಕೆ ಮುಂಚೆ ಗಣಿತ ಶಿಕ್ಷಕರೊಬ್ಬರನ್ನು ನಿಯೋಜಿಸಿ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಮನವಿ ಕೊಡೋಣ. ಯಾರು ಸಹಿ ಹಾಕುತ್ತೀರಿ?

ಮೂಲೆಮನೆ: ಪಟ್ಟಿ ಹಾಕಿದವನು ನಾನೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೋಪವೇಕೆ? ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಶಾಲೆಯನ್ನು ದೂರಬೇಡಿ.

ನಿವೃತ್ತ ಶಿಕ್ಷಕರು: ಎಷ್ಟು ಮಂದಿ ಪಾಸಾದರು ಎಂಬುದನ್ನಷ್ಟೇ ಪಟ್ಟಿ ಹೇಳುತ್ತದೆ, ಎಷ್ಟು ಪಾಠ ನಡೆಯಿತು ಎಂಬುದನ್ನಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ನಕಲು ತಡೆಯಲು ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವಿಜ್ಞಾನ-ಗಣಿತಕ್ಕೆ ಒಬ್ಬ ಶಿಕ್ಷಕರು ಇರಲೇಬೇಕು. ನಮ್ಮ ಶಾಲೆಯ ಎಂಟನೆಯ ತರಗತಿಯೂ ಅದರೊಳಗೇ ಬರುತ್ತದೆ. ಮನವಿಯಲ್ಲಿ ಇದನ್ನು ಬರೆಯಿರಿ.

ಮೂಲೆಮನೆ: ಅಂದರೆ 2023ರಲ್ಲಿ ಪಾಸಾದವರೆಲ್ಲ ನಕಲು ಮಾಡಿದರು ಎನ್ನುತ್ತೀರಾ ಗುರುಗಳೇ? ನನ್ನ ಮಗ ಅದೇ ವರ್ಷ ಪಾಸಾದವನು. ಮಾತು ಹಿಂತೆಗೆದುಕೊಳ್ಳಿ.

ನಿವೃತ್ತ ಶಿಕ್ಷಕರು: ನಿಮ್ಮ ಮಗನ ವಿಷಯ ನಾನು ಎತ್ತಲೇ ಇಲ್ಲ.

ಮೂಲೆಮನೆ: ಎತ್ತದೆಯೇ ಎತ್ತಿದಿರಿ. ಕೇಳುವುದಿದ್ದರೆ ಶಾಲಾಭಿವೃದ್ಧಿ ಸಮಿತಿ, ಅದೇ ಎಸ್‌ಡಿಎಂಸಿಯವರನ್ನು ಕೇಳಿ. ಅವರು ವರ್ಷವಿಡೀ ಏನು ಮಾಡುತ್ತಿದ್ದರು?

ಎಸ್‌ಡಿಎಂಸಿ ಸದಸ್ಯೆ: ಅತಿಥಿ ಶಿಕ್ಷಕರು ಬೇಕೆಂದು ಮಾಡಿದ ಠರಾವು ನಡಾವಳಿ ಪುಸ್ತಕದಲ್ಲಿದೆ, ಬಂದು ಓದಿ. ಸಭೆ ಕರೆದರೆ ಕೂಲಿ ಬಿಟ್ಟು ಬರುವವರು ತಾಯಂದಿರು ಮಾತ್ರ. ಅಣ್ಣ, ನಿಮ್ಮ ಮಗ ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಿದ್ದ. ಸರ್ಕಾರಿ ಶಾಲೆಯ ಗೇಟನ್ನು ನೀವು ಎಂದಾದರೂ ದಾಟಿದ್ದೀರಾ?

ಹಿಂದಿನ ಬೀದಿ: (ಫಾರ್ವರ್ಡ್ ಆಗಿದೆ) ಶುಭೋದಯ 🌹 ಹತ್ತೇ ದಿನಗಳಲ್ಲಿ ವೇದಗಣಿತ ಕಲಿಯಿರಿ! ಈ ಸಂದೇಶವನ್ನು ಹತ್ತು ಗುಂಪುಗಳಿಗೆ ಕಳುಹಿಸಿ.

ಬಾವಿಕಟ್ಟೆ ಎದುರು ಮನೆ: ದಯವಿಟ್ಟು ಸಹಿಯ ಮಾತಾಡಿ. ಇವತ್ತು ಉಳಿದಿರುವುದು ನನ್ನ ಮಗಳು, ಮುಂದಿನ ವರ್ಷ ನಿಮ್ಮ ಮನೆಯ ಮಗು.

ಮೋರಿ ಪಕ್ಕದ ಮನೆ: ನಾನು ಸಹಿ ಹಾಕುತ್ತೇನೆ ಅಕ್ಕ. ಆದರೆ ವಿಶೇಷ ತರಗತಿಯನ್ನು ಸಂಜೆಗೆ ಇಟ್ಟರೆ ಹೆಣ್ಣುಮಕ್ಕಳು ವಾಪಸ್ ಬರುವುದು ಹೇಗೆ? ಶಾಲೆಯಿಂದ ಮೋರಿಯವರೆಗೆ ಒಂದು ಕಂಬದಲ್ಲೂ ದೀಪವಿಲ್ಲ.

ಮೂಲೆಮನೆ: ಇದು ಸರಿಯಾದ ಮಾತು! ಮೊದಲು ಬೀದಿದೀಪ ಆಗಬೇಕು. ಇವತ್ತೇ ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡುತ್ತೇನೆ. ಎಲ್ಲರೂ ಮನೆ ಸಂಖ್ಯೆ ಹಾಕಿ.

ಮೋರಿ ಪಕ್ಕದ ಮನೆ: 7.

ಎಸ್‌ಡಿಎಂಸಿ ಸದಸ್ಯೆ: 12. ದೀಪಕ್ಕೂ ಸಹಿ, ಶಿಕ್ಷಕರಿಗೂ ಸಹಿ.

ನೀರಿನ ಟ್ಯಾಂಕ್ ಹತ್ತಿರದ ಮನೆ: 15. ನಮ್ಮ ಮನೆ ಮುಂದಿನ ಕಂಬವನ್ನೂ ಸೇರಿಸಿ.

ಬಾವಿಕಟ್ಟೆ ಎದುರು ಮನೆ: ಹಾಗಾದರೆ ಗಣಿತ ಶಿಕ್ಷಕರ ವಿಷಯವನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.

ಮೂಲೆಮನೆ: ಶಿಕ್ಷಕರ ವಿಷಯ ಪಂಚಾಯಿತಿಗೆ ಬರುವುದಿಲ್ಲ ತಾಯಿ. ಅದನ್ನು ಆಮೇಲೆ ನೋಡೋಣ.

ಬಾವಿಕಟ್ಟೆ ಎದುರು ಮನೆ: ಆಮೇಲೆ ಎಂದರೆ ಪರೀಕ್ಷೆಯೇ ಮುಗಿದಿರುತ್ತದೆ. ಸೋಮವಾರ ಬಿಇಒ ಕಚೇರಿಗೆ ನಾನು ಹೋಗುತ್ತೇನೆ. ಜೊತೆಗೆ ಬರುವವರು ಇಲ್ಲೇ ತಿಳಿಸಿ.

ಹಿಂದಿನ ಬೀದಿ: 19. ಎಲ್‌ಇಡಿ ದೀಪವೇ ಆಗಬೇಕು.