ಅಪ್‌ಡೇಟ್: ಪ್ರೊಜೆಕ್ಟರ್ ಬಂತು, ಗೋಡೆ ಕೈಕೊಟ್ಟಿತು

ಹೋದ ತಿಂಗಳು ಕೇಳಿದ್ದೆನಲ್ಲ, ಮುಂಬೈ ಮುಲುಂಡ್‌ನ ನಮ್ಮ ಹತ್ತಡಿ ಅಗಲದ ಹಾಲ್‌ಗೆ ಗೋಡೆ ಪಕ್ಕದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್ ತಗೊಳ್ಳಲೋ, ಸೀಲಿಂಗ್‌ಗೆ ತೂಗುಹಾಕುವ ಲೇಸರ್ ತಗೊಳ್ಳಲೋ ಅಂತ. ಮೊದಲನೆಯದೇ ತಗೊಂಡೆ. ಸೀಲಿಂಗ್ ಕೊರೆಯಲು ಮನೆ ಓನರ್ ಬಿಡಲಿಲ್ಲ, ಕಥೆ ಮುಗೀತು.

ಡೆಮೊಗೆ ಹೋಗಿ ಅಂತ ಹೇಳಿದವರಿಗೆ ದೊಡ್ಡ ನಮಸ್ಕಾರ. ಒಂದೇ ಚಿಪ್‌ನ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಪ್ರೊಜೆಕ್ಟರ್) ಬಣ್ಣಗಳನ್ನು ಒಂದಾದಮೇಲೊಂದು ಬಿಡುತ್ತದಲ್ಲ, ಅದರ ಮಿಂಚು ನನಗೇನೂ ಕಾಣಲಿಲ್ಲ. ನಮ್ಮವಳು ಮಾತ್ರ ಎರಡೇ ನಿಮಿಷಕ್ಕೆ, 'ಸಬ್‌ಟೈಟಲ್ ಅಂಚಲ್ಲಿ ಕೆಂಪು ಹಸಿರು ಮಿಂಚ್ತಿದೆ ಕಣ್ರೀ' ಅಂದಳು. ಹಾಗಾಗಿ ಮೂರೂ ಬಣ್ಣ ಒಟ್ಟಿಗೆ ಬೀಳುವ 3ಎಲ್‌ಸಿಡಿ ಬಗೆಯದನ್ನೇ ತಗೊಂಡೆ.

ಎಡವಿದ್ದು ಗೋಡೆಯಲ್ಲಿ. ಬೆಳಕು ಕೆಳಗಿನಿಂದ ಓರೆಯಾಗಿ ಬೀಳುವುದರಿಂದ, ಬರಿಗಣ್ಣಿಗೆ ಕಾಣದ ಪುಟ್ಟಿಯ ಉಬ್ಬುತಗ್ಗೆಲ್ಲ ಎದ್ದು ಕಂಡವು. ಕ್ರಿಕೆಟ್ ಪಿಚ್ ನೆರಿಗೆ ಸೀರೆಯ ಹಾಗಿತ್ತು! ಈಗ ಮೇಲಿನ ಟ್ಯೂಬ್‌ಲೈಟ್ ಬೆಳಕನ್ನು ತಡೆಯುವ ಸಿಎಲ್‌ಆರ್ ಸ್ಕ್ರೀನ್ ಹಾಕಿಸಿದ್ದೇನೆ. ಮೂಲೆಯಿಂದ ಮೂಲೆಗೆ 100 ಇಂಚು, ಅಂದರೆ ಸುಮಾರು ಏಳೂಕಾಲು ಅಡಿ ಅಗಲ. ಲಿಫ್ಟ್‌ಗೆ ಹಿಡಿಸದೆ ಐದು ಮಹಡಿ ಮೆಟ್ಟಿಲಲ್ಲೇ ಹೊತ್ತೆವು. ಬಜೆಟ್ ಹಾಕುವವರು ಸ್ಕ್ರೀನ್ ದುಡ್ಡನ್ನೂ ಸೇರಿಸಿಕೊಳ್ಳಿ, ನಾನು ಸೇರಿಸಿರಲಿಲ್ಲ.